ಒಳಚಿಲಕ

ಮಾರ್ಚ್ 3, ಮಧ್ಯಾಹ್ನ
ಎರಡು ಬಸ್ಸಿನ ಬ್ರೇಕ್ ರಿಪೇರಿ ಮುಗಿಯಿತು. ಊಟದ ಬಿಡುವಿನಲ್ಲಿ ಈ ಫಿಟ್ಟರ್, ಅಂದರೆ ನನ್ನ, ಕೈಗೆ ಪೇಂಟಿನ ಬ್ರಶ್. ಎಲ್ಲ ಬೋರ್ಡಿನಲ್ಲೂ ಒಂದೇ ಮಾತು — ಮ್ಯಾನೇಜರ್ ತೊಲಗಲಿ. ಒಂದರ ರಟ್ಟು ಹರಿದಿತ್ತು. ಜೇಬಿನಲ್ಲಿದ್ದ ಹಾಳೆಯನ್ನೇ ಹಿಂದೆ ಅಂಟಿಸಿದೆ. ಹೋದ ವಾರ ಅತ್ತಿಗೆ ಕೊಟ್ಟದ್ದು. ಅವರೂ ಇದೇ ಡಿಪೋದಲ್ಲಿ ಬಸ್ ತೊಳೆಯುತ್ತಾರೆ.

"ನಮ್ಮ ಹೆಂಗಸರ ಪಟ್ಟಿ ಓದಿದ್ಯೇನಪ್ಪಾ?"

"ಮೊದ್ಲು ಅವನು ಹೋಗ್ಲಿ ಅತ್ತಿಗೆ. ಮಿಕ್ಕಿದ್ದೆಲ್ಲ ಆಮೇಲೆ."

ಮಾರ್ಚ್ 24
ಹೋದ! ಇಪ್ಪತ್ತೆರಡು ದಿನ ಕೂಗಿದ್ದು ಸಾರ್ಥಕ. ಸಂಘದ ಕಾರ್ಯದರ್ಶಿ ಅಂತ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಗಂಟಲು ಬಿದ್ದುಹೋಗಿದೆ.

ಮಾರ್ಚ್ 27
ಹೊಸ ಮ್ಯಾನೇಜರ್ ಮೇಡಂ ಸಂಘದ ಕಡೆಯಿಂದ ನಮ್ಮೈವರನ್ನು ಕರೆದರು. ಕುರ್ಚಿ ಕೊಟ್ಟರು. ಪೆನ್ನಿನ ಮುಚ್ಚಳ ತೆಗೆದರು.

"ಹೋದವರ ವಿಷ್ಯ ಬಿಡಿ. ನಿಮಗೇನು ಬೇಕು ಹೇಳಿ. ನಾಳೆ ಹೆಡ್ ಆಫೀಸಲ್ಲಿ ಮೀಟಿಂಗ್. ಈಗ ಹೇಳಿದ್ರೆ ಸೇರಿಸ್ತೀನಿ."

ಮುಖ ಮುಖ ನೋಡಿಕೊಂಡೆವು.

"ಅನ್ಯಾಯ ಆಗ್ಬಾರ್ದು," ಅಂದೆ.

"ಸರಿ. ಇನ್ನೇನು?"

ಫ್ಯಾನ್ ತಿರುಗುತ್ತಿತ್ತು. ಮೇಡಂ ಪೆನ್ನು ಮುಚ್ಚಿದರು. ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು.

ಹೊರಗೆ ಬಂದದ್ದೇ ನಮ್ಮ ಲೀಡರ್ — ಎಲ್ಲರೂ ಮೈಕಣ್ಣ ಅನ್ನುತ್ತಾರೆ — "ನಯವಾಗಿ ಮಾತಾಡಿ ಬಲೆ ಹಾಕ್ತಾಳೆ ಕಣ್ರೋ. ಇವಳೂ ಬೇಡ!" ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಥೂ.

ಮಾರ್ಚ್ 30
ಹಳೇ ಬೋರ್ಡುಗಳ ಮೇಲೆ ಬಿಳಿ ಬಳಿದು "ಮೇಡಂ ತೊಲಗಲಿ" ಬರೆಯುವ ಕೆಲಸ. ಒಂದರ ಹಿಂದೆ ಕಾಗದ ಎದ್ದಿತ್ತು. ನೀರು ಹಚ್ಚಿ ಬಿಡಿಸಿದೆ. ಪೆನ್ಸಿಲ್ ಅಕ್ಷರ... ಬಟ್ಟೆ ಬದಲಾಯಿಸೋ ಕೋಣೆಗೆ ಒಳಚಿಲಕ. ತೊಳೆಯೋರಿಗೆ ಗಂಬೂಟು. ನಾಳೆಯ ಪಾಳಿ ಇವತ್ತೇ ತಿಳಿಸಬೇಕು. ಕೆಳಗೆ ಹದಿನಾಲ್ಕು ಹೆಂಗಸರ ಸಹಿ.

ಬಾಗಿಲನ್ನು ಕಾಲಲ್ಲಿ ಒತ್ತಿ ಹಿಡಿದೇ ಅವರು ಸೀರೆ ಬದಲಾಯಿಸುವುದು. ಗೊತ್ತಿರಲಿಲ್ಲವಾ ನನಗೆ? ಗೊತ್ತಿತ್ತು.

ಮಾರ್ಚ್ 31
ಪಟ್ಟಿಯ ಕೆಲಸ ಒಂದೂ ಆಗಲಿಲ್ಲ ಅಂತ ಅತ್ತಿಗೆಗೆ ಹೇಳಿಬಿಟ್ಟೆ. ಒರೆಸುವ ಬಟ್ಟೆ ಹಿಂಡುತ್ತಾ ಕೇಳಿಸಿಕೊಂಡರು.

"ಮೇಡಂ ಆಗಲ್ಲ ಅಂದ್ರಾ?"

"ಇಲ್ಲ. ನಾವು ಕೇಳ್ಲೇ ಇಲ್ಲ."

"ಅಯ್ಯೋ ನಿನ್ನ! ಮತ್ತೆ ಅಷ್ಟು ದಿನ ಕೂಗಿದ್ದು ಯಾತಕ್ಕೋ?"

ಬೈದಿದ್ದರೆ ವಾಸಿಯಿತ್ತು. ನಕ್ಕರು. ಆಮೇಲೆ, "ಆ ಬ್ಯಾನರ್ ಹಗ್ಗ ಇದೆಯಲ್ಲ, ಅದಾದ್ರೂ ಕೊಡು. ಬಾಗ್ಲಿಗೆ ಕಟ್ಕೋತೀವಿ."

ಬಿಚ್ಚಿ ಕೊಟ್ಟೆ.

ಏಪ್ರಿಲ್ 2, ಬೆಳಿಗ್ಗೆ ಹತ್ತು
ಗೇಟಿನ ಮುಂದೆ ಇನ್ನೂರು ಜನ. ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಓದಿಬಿಡೋಣ ಅಂತಲೇ ಹೋದದ್ದು. ಮೈಕಣ್ಣ "ಶುರು ಮಾಡು" ಅಂದ. ನನ್ನ ಬಾಯಿಂದ ಬಂದದ್ದು — ತೊಲಗಲಿ. ಚಪ್ಪಾಳೆಯೋ ಚಪ್ಪಾಳೆ.

ಅತ್ತಿಗೆ ತೊಳೆಯುವ ಜಾಗದಿಂದ ಒಮ್ಮೆ ನೋಡಿದರು. ಕೋಣೆಯೊಳಗೆ ಹೋದರು. ಬಾಗಿಲ ಸಂದಿಯಲ್ಲಿ ಹಗ್ಗ ಬಿಗಿಯುವುದು ಕಾಣಿಸಿತು.

ಟೂಲ್ ಬಾಕ್ಸ್ ಮುಂದೆ ಕೂತು ಬರೆಯುತ್ತಿದ್ದೇನೆ. ಒಂದು ಚಿಲಕ, ನಾಲ್ಕು ಸ್ಕ್ರೂ. ಹತ್ತು ನಿಮಿಷದ ಕೆಲಸ. ನಾನು ಫಿಟ್ಟರ್. ಇಷ್ಟು ದಿನ ನಾನು —