ನೀರಿಗೆ ಬಾಗಿದ ಟಗರು

ಅಗರಖೇಡ
೯ ನವೆಂಬರ್ ೨೦೧೦

ನನ್ನ ಸುನೀತಾ,

ಸಂಜೆ ಐದು ಗಂಟೆ. ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದರಲ್ಲೇ ದಿನ ಹೋಯಿತು. ನಿಮ್ಮಪ್ಪ ಇದ್ದಿದ್ದರೆ ಮಧ್ಯಾಹ್ನಕ್ಕೇ ಮುಗಿಸುತ್ತಿದ್ದರು. ಅವರು ಸಿಳ್ಳೆ ಹಾಕಿದರೆ ಹಿಂಡು ತಾನೇ ಬರುತ್ತಿತ್ತು. ಈಗ ಹಟ್ಟಿಯಲ್ಲಿ ಯಾರೂ ಸಿಳ್ಳೆ ಹಾಕುವುದಿಲ್ಲ.

ಪುಣೆಯ ಪ್ರಯೋಗಶಾಲೆಯಿಂದ ನೀನು ಬರೆದದ್ದನ್ನು ನಿಧಾನವಾಗಿ ಓದಿದೆ. ನಿಮ್ಮಪ್ಪನನ್ನು ಒಯ್ದ, ನನ್ನ ಮೈಯಲ್ಲೂ ಇರುವ ಎಚ್‌ಐವಿ ವೈರಸ್ಸು ತನ್ನ ಮೇಲಿನ ಪ್ರೋಟೀನಿನ ರೂಪ ಬದಲಿಸುತ್ತಲೇ ಇರುತ್ತದೆ. ಆದರೆ ನಮ್ಮ ಜೀವಕೋಶವನ್ನು ಹಿಡಿಯುವ ಜಾಗವನ್ನು ಬದಲಿಸಿದರೆ ಅದಕ್ಕೇ ಉಳಿವಿಲ್ಲ. ಆ ಜಾಗಕ್ಕೆ ಅಂಟಿ ವೈರಸ್ಸನ್ನು ತಡೆಯುವ ಪ್ರತಿಕಾಯ ಕೆಲವರ ರಕ್ತದಲ್ಲಿ ಇರುತ್ತದೆ, ಅದನ್ನು ನೋಡಿ ಲಸಿಕೆಗೆ ದಾರಿ ಹುಡುಕುತ್ತೀರಿ. ಇಷ್ಟು ವರ್ಷ ಗುಳಿಗೆಯಿಲ್ಲದೆ ಗಟ್ಟಿಯಾಗಿರುವ ನನ್ನ ರಕ್ತ ವಿಜಾಪುರದ ದವಾಖಾನೆಯಿಂದ ನಿಮಗೆ ಬರಬೇಕು. ನನಗೆ ಅದರಿಂದ ಗುಣವಾಗದು ಎಂದೂ ಬರೆದಿರುವೆ. ತಿಳಿಯಿತು.

ನಾನು ರಕ್ತ ಕೊಡುವುದು ನಿನ್ನ ಕಾಕಾ ಭೀಮಶ್ಯಾನಿಗೆ ಮಾತ್ರ ಒಪ್ಪಿಗೆಯಿರಲಿಲ್ಲ. "ಅಣ್ಣ ಹೋದಾಗ ಮಂದಿ ನಮ್ಮ ಮನಿ ನೀರ ಮುಟ್ಟಲಿಲ್ರಿ ವೈನಿ. ಈಗ ಮತ್ಯಾಕ ಕೆದರ್ತೀರಿ? ನನ್ನ ಮಗಳ ಲಗ್ನದ ಮಾತು ನಡದೈತಿ," ಎಂದ.

ಮುಂಜಾನೆಯಿಂದ ಕರಿ ಟಗರು ಔಷಧಿಗೆ ಸಿಗದೆ ಅವನನ್ನು ಓಡಾಡಿಸಿತ್ತು. ಕೊನೆಗೆ ಅವನು ಕುರಿಗಳು ನೀರು ಕುಡಿಯುವ ಕಲ್ಲಿನ ಬಾನಿಯ ಹಿಂದೆ ಅಡಗಿ ಕೂತ. ಅದು ನೀರಿಗೆ ಬಾಯಿ ಹಾಕಿದ್ದೇ ತಡ, ಕೊಂಬು ಹಿಡಿದ.

"ನೋಡಪ್ಪ, ಸುನೀತಾ ಮಾಡೂದೂ ಇದನ್ನ. ಎಷ್ಟ ಓಡಿದ್ರೂ ನೀರಿಗೆ ಬರಾಕ ಬೇಕು, ಅಲ್ಲೇ ಹಿಡಿಯೂದು," ಎಂದೆ.

"ಹಂಗಾರ ಪುಣೇಕ ಕುರಿ ಕಾಯಾಕ ಹೋಗ್ಯಾಳ ಅನ್ರಿ!" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಬೀಗರಿಗೆ ಗೊತ್ತಾದ್ರ?"

"ಗೊತ್ತಾಗ್ಲಿ. ನಾನ ಹೋಗಿ ಮಾತಾಡ್ತೇನಿ. ಮುಚ್ಚಿಟ್ಟು ಮುಚ್ಚಿಟ್ಟು ನಿಮ್ಮಣ್ಣನ್ನ ಮಣ್ಣ ಮಾಡಿದ್ವಿ. ಸಾಕು."

ಟಗರಿಗೆ ಔಷಧಿ ಕುಡಿಸಿ ಹೊರಟುಹೋದ.

ನನಗೆ ಅಂಜಿಕೆಯಿಲ್ಲ, ಸುನೀತಾ. ನೀವು ಹುಡುಕುವುದು ನನ್ನ ರಕ್ತದಲ್ಲಿ ಸಿಗದಿದ್ದರೆ ಇನ್ನೊಬ್ಬರದರಲ್ಲಿ ಸಿಗುತ್ತದೆ. ನೀನು ಹುಡುಕುವುದನ್ನು ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಕಾಗದ ಮಡಚುವಾಗ ಭೀಮಶ್ಯಾ ಮತ್ತೆ ಬಂದ. ಹೊಸ್ತಿಲಲ್ಲೇ ನಿಂತು, "ಅಲ್ಲಿ ನನ್ನ ರಕ್ತಾನೂ ತಪಾಸ ಮಾಡ್ತಾರೇನ್ರಿ ವೈನಿ?" ಎಂದ. ಯಾಕೆಂದು ನಾನು ಕೇಳಲಿಲ್ಲ. ನಾಳೆ ಮುಂಜಾನೆ ವಿಜಾಪುರದ ಬಸ್ಸಿಗೆ ನಾವಿಬ್ಬರೂ ಹೋಗುತ್ತೇವೆ.