ಶನಿವಾರ ಬಿಚ್ಚಿದ ಬೇಲಿ

ಲುವೊಸಯೋಕ ಹೊಳೆದಂಡೆ, ತಾನಾ ಕಣಿವೆ
ಆಗಸ್ಟ್ ೨೪, ಭಾನುವಾರ

ಪ್ರೀತಿಯ ಯೋವ್ನಾ,

ಹೇಗಿದ್ದೀಯ? ಎದೆಯ ಹೊಲಿಗೆ ಒಣಗಿತಾ? ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯಲ್ಲ ಅಂತ ನರ್ಸಮ್ಮನ ಮೇಲೆ ರೇಗಬೇಡ, ಪಾಪ ಅವಳೇನು ಮಾಡಿಯಾಳು. ನಡಿ ಅಂದರೆ ನಡಿ, ಮಲಗು ಅಂದರೆ ಮಲಗು. ನಲವತ್ತು ವರ್ಷ ನನ್ನ ಮಾತು ಕೇಳದವನು ಟ್ರೊಮ್ಸೊ ಆಸ್ಪತ್ರೆಯಲ್ಲಾದರೂ ಒಬ್ಬ ಹೆಂಗಸಿನ ಮಾತು ಕೇಳು ಮಾರಾಯಾ. ನನ್ನ ಮೊಣಕಾಲು ಹಾಗೇ ಇದೆ, ಹೇಳಿ ಪ್ರಯೋಜನವಿಲ್ಲ. ನಾಯಿ ನಿನ್ನ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತೆ, ಅದಕ್ಕೇ ಬೂಟು ಎತ್ತಿಟ್ಟಿಲ್ಲ. ಜೌಗಿನಲ್ಲಿ ಹಳದಿ ಹಣ್ಣು ಈ ಸಲ ಚೆನ್ನಾಗಿ ಬಿಟ್ಟಿತ್ತು. ಒಂದು ಬಾಟಲಿ ಜಾಮ್, ಒಂದಿಷ್ಟು ಒಣಗಿಸಿದ ಹಿಮಸಾರಂಗದ ಮಾಂಸ ಈ ಕಾಗದದ ಜೊತೆಗೇ ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ. ಮಾಂಸಕ್ಕೆ ಉಪ್ಪು ಹಾಕಿಲ್ಲ, ಬೈಕೋ.

ದಿನಾ ಸಂಜೆ ಫೋನು ಮಾಡುತ್ತೀಯ. ಮಳೆ ಬಂತಾ ಅಂತ ಕೇಳುತ್ತೀಯ, ನಾಯಿ ತಿಂತಾ ಅಂತ ಕೇಳುತ್ತೀಯ, ಪಕ್ಕದ ಮನೆ ಕಿರ್ಸ್ತೆಯ ಹೊಸ ಟ್ರ್ಯಾಕ್ಟರ್ ಹೇಗಿದೆ ಅಂತಲೂ ಕೇಳುತ್ತೀಯ. ಹೊಳೆಯ ಸುದ್ದಿ ಮಾತ್ರ ಈ ತಿಂಗಳಲ್ಲಿ ಒಂದು ದಿನವೂ ಕೇಳಲಿಲ್ಲ. ನಾನೇ ಬಾಯಿ ತೆರೆದರೆ ‘ನರ್ಸ್ ಬಂದಳು’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯೋಕೆ ಕೂತೆ. ಕಾಗದ ಓದುವಾಗ ಯಾವ ನರ್ಸೂ ಬರಲ್ಲ.

ಹೊಳೆ ನಾರುತ್ತಿದೆ, ಯೋವ್ನಾ. ಗೂನುಮೀನು ಸಾಯುವ ಕಾಲ. ರಷ್ಯಾದವರು ಯಾವ ಕಾಲದಲ್ಲೋ ದೂರದ ಕಡಲಿಂದ ತಂದು ತಮ್ಮ ಹೊಳೆಗೆ ಬಿಟ್ಟ ಮೀನು, ವರ್ಷ ಬಿಟ್ಟು ವರ್ಷ ನಮ್ಮ ಬಾಗಿಲಿಗೆ ಬಂದು ಮೊಟ್ಟೆಯಿಟ್ಟು ಸಾಯುತ್ತೆ. ಸಲದಿಂದ ಸಲಕ್ಕೆ ಹೆಚ್ಚುತ್ತಲೇ ಇದೆ. ನಮ್ಮ ಸಾಲ್ಮನ್ ಮೊಟ್ಟೆಯಿಡುವ ಕಲ್ಲುಹಾಸಿದೆಯಲ್ಲ, ನಿಮ್ಮಪ್ಪ ಕೂರುತ್ತಿದ್ದ ಬಂಡೆಯ ಮೇಲ್ಗಡೆ, ಅಲ್ಲಿ ಕಾಲಿಡೋಕೆ ಜಾಗವಿಲ್ಲದಷ್ಟು ಹೆಣ. ಬಿಳಿಚಿಕೊಂಡು, ಗೂನು ಕೊಳೆತು, ಬಾಯಿ ತೆರೆದುಕೊಂಡು ಬಿದ್ದಿವೆ. ಹದ್ದು ಕೂಡ ತಿಂದು ತಿಂದು ಸಾಕಾಗಿ ಮುಖ ತಿರುಗಿಸಿ ಕೂತಿದೆ. ಕುಡಿಯುವ ನೀರು ಅಂಗಡಿಯಿಂದ ತರುತ್ತೇನೆ. ಈ ಹೊಳೆದಂಡೆಯಲ್ಲಿ ಹುಟ್ಟಿ ನೀರು ಕೊಂಡು ಕುಡಿಯೋ ಹಾಗಾಯಿತಲ್ಲ ಅಂತ ಮೊನ್ನೆ ಅಂಗಡಿಯಲ್ಲೇ ಅತ್ತುಬಿಟ್ಟೆ, ನಾಚಿಕೆಗೇಡು.

ಹೀಗಾಗಬಾರದು ಅಂತಲೇ ಜೂನಿನಲ್ಲಿ ಊರೆಲ್ಲ ಸೇರಿ ಹೊಳೆಗೆ ಅಡ್ಡಲಾಗಿ ಕಬ್ಬಿಣದ ಬೇಲಿ ಹಾಕಿದ್ದು. ಎದೆ ಹಿಡಿದುಕೊಂಡು ಗೂಟ ಹೊಡೆದವನು ನೀನೇ. ನಡುವೆ ಬೋನು ಇಟ್ಟು, ಬಂದದ್ದನ್ನು ಕೈಯಿಂದ ಆರಿಸಿ, ಗೂನುಮೀನನ್ನು ದೊಣ್ಣೆಯಿಂದ ಬಡಿದು, ನಮ್ಮದನ್ನು ಮೇಲಕ್ಕೆ ಬಿಡಬೇಕು ಅಂತ ಮಾತಾಗಿತ್ತು. ನಮ್ಮ ಸಾಲ್ಮನ್ ಉಳಿಯಲಿ ಅಂತ ನಾಲ್ಕೈದು ವರ್ಷದಿಂದ ಅದನ್ನು ಹಿಡಿಯುವುದನ್ನೇ ಬಿಟ್ಟು ಬಾಯಿ ಕಟ್ಟಿ ಕೂತವರು ನಾವು. ನಿನ್ನನ್ನು ಆಸ್ಪತ್ರೆಗೆ ಒಯ್ದ ಮೇಲೆ ಬೇಲಿಯ ಕಾವಲು ನಿನ್ನ ತಮ್ಮ ಸಮ್ಮೋಲನ ಕೈಗೆ ಬಂತು. ಜುಲೈ ಬಿಸಿಲಿಗೆ ನೀರು ಇಳಿದು ಬೆಚ್ಚಗಾಯಿತು. ನಮ್ಮ ಮೀನಿಗೆ ಬೋನು ಕಂಡರೆ ಹೆದರಿಕೆ. ಒಳಗೆ ಬಾರದೆ ಬೇಲಿಯ ಕೆಳಗೇ ನಿಂತವು, ಉಸಿರಿಗೆ ಒದ್ದಾಡುತ್ತಾ. ಸಮ್ಮೋಲ್ ದಿನವಿಡೀ ಅವನ್ನೇ ನೋಡುತ್ತಾ ನಿಲ್ಲುತ್ತಿದ್ದ, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಒಂದು ಶನಿವಾರ ಸಂಜೆ ಬೇಲಿ ಬಿಚ್ಚಿಬಿಟ್ಟ.

ನಿಮ್ಮಪ್ಪ ಬರ್ಚ್ ಕೊಂಬೆಯ ಬೇಲಿ ಕಟ್ಟಿ ಮೀನು ಹಿಡಿಯುತ್ತಿದ್ದ ಕಾಲದಲ್ಲಿ ಶನಿವಾರ ಸಂಜೆ ಬಿಚ್ಚಿದರೆ ಸೋಮವಾರದ ತನಕ ಮೀನಿಗೆ ದಾರಿ. ಮೇಲಿನ ಊರಿನವರಿಗೂ ಬೇಕಲ್ಲ, ಮೊಟ್ಟೆಗೂ ಬೇಕಲ್ಲ. ಆದರೆ ಆಗ ಹೊಳೆಯಲ್ಲಿದ್ದದ್ದು ನಮ್ಮ ಮೀನು ಮಾತ್ರ. ಈಗ ಸಂದಿ ತೆರೆದದ್ದೇ ತಡ, ಗೂನುಮೀನು ನುಗ್ಗಿತು ನೋಡು, ಹೊಳೆಯೇ ಹಿಂದಕ್ಕೆ ಹರಿದ ಹಾಗೆ! ಅವನು ಗಾಬರಿಯಾಗಿ ಮುಚ್ಚೋಕೆ ಹೋದ. ಸಂದಿಯ ತುಂಬ ಮೀನಿನ ಮೈ, ಬೇಲಿಯ ಚೌಕಟ್ಟು ಕೂರಲೇ ಇಲ್ಲ. ಸೊಂಟಮಟ್ಟ ನೀರಲ್ಲಿ ನಿಂತು ಬೆನ್ನು ಕೊಟ್ಟು ತಡೆದನಂತೆ. ಬೆಳಗ್ಗೆ ಊರವರು ಹೋಗಿ ಅವನನ್ನು ದಡಕ್ಕೆ ಎಳೆದು ಹಾಕುವಷ್ಟರಲ್ಲಿ ಗೂನುಮೀನೆಲ್ಲ ಮೇಲೆ ಹೋಗಿಯಾಗಿತ್ತು. ನಮ್ಮ ಸಾಲ್ಮನ್ ಒಂದಾದರೂ ಮೇಲೆ ಹೋದದ್ದನ್ನು ಕಂಡವರಿಲ್ಲ.

ಸಭೆ ಸೇರಿತು. ಕಿರ್ಸ್ತೆ ಹೊಳೆಸಂಘದ ಅಧ್ಯಕ್ಷೆ, ಅವಳ ನಾಲಿಗೆ ನಿನಗೆ ಗೊತ್ತಲ್ಲ. ‘ಕಾವಲಿಗೆ ಇಟ್ಟರೆ ಬಾಗಿಲು ತೆಗೆದು ಬನ್ನಿ ಬನ್ನಿ ಅಂದನಲ್ಲ ಈ ಮಹಾನುಭಾವ! ಯಾರು ಹೇಳಿದರೋ ನಿನಗೆ?’ ಅಂತ ಕೇಳಿದಳು. ‘ಯಾರೂ ಇಲ್ಲ, ನನಗೇ ತೋಚಿತು’ ಅಂದ ಸಮ್ಮೋಲ್. ‘ನಿಮ್ಮಣ್ಣ ಇದ್ದಿದ್ದರೆ ಹೀಗಾಗುತ್ತಿತ್ತಾ?’ ಅಂದಳು. ಅವನು ತಲೆ ತಗ್ಗಿಸಿ, ‘ಇಲ್ಲ, ಅಣ್ಣ ಇದ್ದಿದ್ದರೆ ಆಗುತ್ತಿರಲಿಲ್ಲ’ ಅಂದ. ಆಮೇಲೆ ಅವನ ಮನೆಗೆ ಒಬ್ಬರೂ ಕಾಫಿಗೆ ಹೋಗಿಲ್ಲ. ದಿನಾ ಒಬ್ಬನೇ ಕವಲುಗೋಲಿನಿಂದ ಸತ್ತ ಮೀನು ಎತ್ತಿ ಹೂಳುತ್ತಾನೆ. ಕೈಗೆ ಮುಳ್ಳು ಚುಚ್ಚಿ ಬಾತುಕೊಂಡಿದೆ, ನಾನೇ ತೊಳೆದು ಕಟ್ಟುತ್ತೇನೆ. ಮುಂದಿನ ಭಾನುವಾರ ಅವನನ್ನು ಸಂಘದಿಂದ ತೆಗೆಯುತ್ತಾರಂತೆ. ತೆಗೆದರೆ ಸಾಯುವ ತನಕ ಈ ಹೊಳೆಗೆ ದೋಣಿ ಇಳಿಸುವ ಹಾಗಿಲ್ಲ. ನೀವಿಬ್ಬರೂ ಸೇರಿ ಮಾಡಿದ ಆ ಉದ್ದ ದೋಣಿಯನ್ನು ಆಗಲೇ ಬೋರಲು ಹಾಕಿ, ‘ಯಾರಿಗಾದರೂ ಕೊಟ್ಟುಬಿಡಿ ಅತ್ತಿಗೆ, ನಾನು ಕಡಲ ಕಡೆ ಮೀನು ಫ್ಯಾಕ್ಟರಿಗೆ ಹೋಗ್ತೀನಿ’ ಅಂದ. ಹೊಳೆ ಬಿಟ್ಟು ಒಂದು ವಾರ ಇದ್ದವನಲ್ಲ ಅವನು.

ಇರಲಿ. ನೀನು ಮಾತ್ರೆ ತಪ್ಪಿಸಬೇಡ. ದೇವರು ನಿನ್ನ ಎದೆಯನ್ನು ಗಟ್ಟಿಮಾಡಲಿ, ಹೊಳೆ ಹೆಪ್ಪುಗಟ್ಟುವ ಮೊದಲು ಮನೆಗೆ ನಡೆಸಿಕೊಂಡು ಬರಲಿ. ಪಕ್ಕದ ಮಂಚದ ಅಜ್ಜನಿಗೂ ಒಂದು ಚಮಚ ಜಾಮ್ ಕೊಡು.

ನಿನ್ನ
ಸಿಗ್ಗಾ

ಮ. ಬ.: ಬಸ್ಸಿನ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಆ ಶನಿವಾರ ನೀನು ನನ್ನ ಫೋನಿಗೆ ಮಾಡಿ ‘ತಮ್ಮನಿಗೆ ಕೊಡು’ ಅಂದೆಯಲ್ಲ, ನಾನು ಹೊಳೆದಂಡೆಯಲ್ಲಿ ಅವನಿಗೆ ಕಾಫಿ ಬಗ್ಗಿಸುತ್ತಾ ಪಕ್ಕದಲ್ಲೇ ನಿಂತಿದ್ದೆ. ಫೋನಿನಲ್ಲಿ ನೀನು ಯಾವತ್ತೂ ಕೂಗುವವನು. ‘ಇನ್ನೂ ಯಾಕೋ ನೋಡ್ತಾ ನಿಂತಿದ್ದೀಯ, ಪುಕ್ಕಲಾ? ಅಪ್ಪ ಶನಿವಾರ ಬಿಚ್ಚುತ್ತಿರಲಿಲ್ವಾ? ಬಿಚ್ಚು. ಊರವರಿಗೆ ನಾನು ಹೇಳ್ಕೋತೀನಿ’ ಅಂದೆ. ಇದುವರೆಗೆ ಹೇಳಲಿಲ್ಲ ನೀನು. ನಿನ್ನ ಎದೆಗೆ ಏನಾದರೂ ಆದೀತು ಅಂತ ನಾನೂ ಬಾಯಿ ಮುಚ್ಚಿಕೊಂಡೆ. ಈಗ ನಾನು ಹೇಳಿದರೆ ಮೈದುನನನ್ನು ಉಳಿಸೋಕೆ ಕಥೆ ಕಟ್ಟುತ್ತಾಳೆ ಅಂತಾರೆ. ಸಮ್ಮೋಲ್ ಅಂತೂ ಸತ್ತರೂ ನಿನ್ನ ಹೆಸರೆತ್ತಲ್ಲ, ನಿನ್ನೆ ಕೈ ಕಟ್ಟುವಾಗಲೂ ‘ಅಣ್ಣ ಹುಷಾರಾಗಿ ಬಂದರೆ ಸಾಕು’ ಅಂದ. ಸಭೆ ಭಾನುವಾರ ಹನ್ನೊಂದಕ್ಕೆ. ಕಿರ್ಸ್ತೆಯ ಫೋನಿಗೆ ಮಾಡು, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳು. ನರ್ಸ್ ಬಂದರೆ ಕಾಯಲಿ.