ಎಡಗಡೆಯ ಸ್ಟೂಲು

ಜೂನ್ 3, ಸೋಮವಾರ. ಮಧ್ಯಾಹ್ನ 2 ಗಂಟೆ

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ಅಷ್ಟಕ್ಕಷ್ಟೇ. ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಇದನ್ನು ಓದುವವರಿಲ್ಲ. ಐದನೇ ಕ್ಲಾಸಿಗೆ ಶಾಲೆ ಮುಗಿಯಿತು. ಆಮೇಲೆ ಬರೆದದ್ದೆಲ್ಲ ಪೇಷಂಟುಗಳ ಹೆಸರು, ವಯಸ್ಸು, ಹಲ್ಲಿನ ನಂಬರು.

ಔಷಧಿ ಕಂಪನಿಯವರು ಕೊಟ್ಟ ಡೈರಿ ಇದು. ಬೆರಳುಗಳು ಹೇಳಿದ ಮಾತು ಕೇಳುತ್ತವೋ ಇಲ್ಲವೋ ನೋಡಲು ಬರೆಯುತ್ತಿದ್ದೇನೆ. ಬಲಗೈಯ ಕಿರುಬೆರಳು, ಅದರ ಪಕ್ಕದ್ದು, ಎರಡೂ ಜೋಮು ಹಿಡಿಯುತ್ತವೆ. ಆರು ತಿಂಗಳಾಯಿತು. ಕತ್ತಿನಲ್ಲಿ ಶುರುವಾಗಿ ಮೊಣಕೈವರೆಗೆ ಎಳೆತ. ಯಾರಿಗೂ ಹೇಳಿಲ್ಲ.

ಬೆಳಿಗ್ಗೆಯಿಂದ ಒಂಬತ್ತು ಬಾಯಿ. ಹಲ್ಲಿನ ಡಾಕ್ಟರು, ನನ್ನ ಮೇಡಂ, ಪೇಷಂಟಿನ ಬಲಕ್ಕೆ ಕೂತು ಕೊರೆಯುತ್ತಾರೆ. ನಾನು ಎಡಕ್ಕೆ ನಿಂತು, ಬಗ್ಗಿ, ಸಕ್ಷನ್ ನಳಿಕೆ ಹಿಡಿದು ಬಾಯಿಯ ನೀರು ಎಳೆಯುತ್ತೇನೆ. ಏಳು ವರ್ಷದಿಂದ ಇದೇ. ಮೇಡಂ ಕುಳ್ಳು, ನಾನು ವಿದ್ಯುತ್ ಕಂಬ. ಪೇಷಂಟಿನ ಕುರ್ಚಿ ಅವರ ಅಳತೆಗೆ ಇಳಿಯುತ್ತದೆ. ಉಳಿದದ್ದನ್ನು ನಾನು ಬಗ್ಗಿ ಸರಿಮಾಡಿಕೊಳ್ಳುತ್ತೇನೆ.

ಒಂದು ಮಾತು ಮಾತ್ರ ಹೆಮ್ಮೆಯಿಂದ ಬರೆಯಬಹುದು. ಮೇಡಂ ನನಗೆ ಯಾವ ಸಾಮಾನಿನ ಹೆಸರನ್ನೂ ಹೇಳುವುದಿಲ್ಲ. ಕೈ ಚಾಚುತ್ತಾರೆ. ಬೇಕಾದದ್ದು ಅಂಗೈಯಲ್ಲಿರುತ್ತದೆ. ಡಬ್ಬಗಳ ಮೇಲಿನ ಇಂಗ್ಲಿಷ್ ನನಗೆ ಬಾರದು. ಬಣ್ಣ ಗೊತ್ತು. ಮೇಡಂ ಹುಬ್ಬು ಗೊತ್ತು.

ಕುಕ್ಕರ್ ಕೂಗಿತು. ಸಾಮಾನುಗಳನ್ನು ಆವಿಯಲ್ಲಿ ಶುದ್ಧ ಮಾಡುವ ಮಷಿನ್ನಿಗೆ ನಾವಿಟ್ಟ ಹೆಸರು. ಏಳಬೇಕು.

ಜೂನ್ 5, ಬುಧವಾರ. ಬೆಳಿಗ್ಗೆ

ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಆಯಾ. ಇಬ್ಬರಿಗೂ ಸೇರಿ ಒಂದೇ ಕೋಣೆ. ನನ್ನ ಕ್ಲಿನಿಕ್ಕಿಗೆ ಅವಳಿಟ್ಟ ಹೆಸರು ‘ಹಲ್ಲಿನಂಗಡಿ’.

“ನಿನ್ನೆ ನಮ್ಮ ವಾರ್ಡಲ್ಲಿ ಇಬ್ರು ಹೋದ್ರು ಕಣೆ. ನಿಮ್ಮಲ್ಲಿ?”

“ನಮ್ಮಲ್ಲೂ ಎರಡು ಹೋದ್ವು. ದವಡೆ ಹಲ್ಲು.”

ನಕ್ಕಳು. ಆಮೇಲೆ ನಗು ನಿಲ್ಲಿಸಿ ಗೋಡೆ ಕಡೆ ತಿರುಗಿ ಮಲಗಿದಳು. ಅವಳಿಗೆ ಇಂಥ ಬೆಳಿಗ್ಗೆಗಳು ಬಹಳ. ನನಗೆ ಇಲ್ಲ, ನಿಜ. ಆದರೆ ಅವಳ ಶಿಫ್ಟ್ ಮುಗಿದರೆ ಇನ್ನೊಬ್ಬಳು ಬರುತ್ತಾಳೆ. ಅಲ್ಲಿ ಒಂದು ಕೆಲಸಕ್ಕೆ ನಾಲ್ಕು ಜೊತೆ ಕೈ. ಇಲ್ಲಿರುವುದು ಎರಡೇ ಜೊತೆ, ಅದರಲ್ಲಿ ಒಂದು ಜೋಮು ಹಿಡಿದಿದೆ.

ಜೂನ್ 9, ಭಾನುವಾರ

ರಜೆಯ ದಿನವೂ ಬಾಗಿಲು ತೆಗೆದೆವು. ಮೇಡಂ ಅಣ್ಣನಿಗೆ ಹಲ್ಲುನೋವು. ಅವರು ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು. ಅವರ ಮನೆಯಲ್ಲಿ ‘ಡಾಕ್ಟರು’ ಅಂದರೆ ಅಣ್ಣ ಮಾತ್ರ. ತಂಗಿ ‘ಹಲ್ಲಿನವಳು’.

“ನಿಂದೇ ಆರಾಮ ಕಣಮ್ಮ,” ಅಂದರು ಕುರ್ಚಿಯಲ್ಲಿ ಒರಗಿ. “ಮೂವತ್ತೆರಡು ಹಲ್ಲು, ಎಂಟು ಗಂಟೆಗೆ ಬೀಗ. ನಂಗೆ ಒಂದು ಊಟಕ್ಕೆ ಮೂರು ಫೋನು.”

“ನಿನಗೆ ಫೋನಾದ್ರೂ ಮಾಡ್ತಾರಣ್ಣ. ನನ್ನ ಪೇಷಂಟುಗಳು ರಸ್ತೇಲಿ ನನ್ನ ನೋಡಿದ್ರೆ ಆ ಕಡೆ ದಾಟ್ಕೊಂಡು ಹೋಗ್ತಾರೆ. ನೀನು ಚೀಟಿ ಬರೆದು ಕಳಿಸ್ತೀಯ. ನಾನು ಒಂದು ಹಲ್ಲಿಗೆ ಒಂದು ಗಂಟೆ ಕತ್ತು ಬಗ್ಗಿಸ್ಬೇಕು. ಎಲ್ಲಿ, ಬಾಯಿ ತೆಗಿ.”

ಬಾಯಿ ತೆರೆದ ಮೇಲೆ ವಾದ ಅಲ್ಲಿಗೇ ಮುಗಿಯಿತು. ಈ ಕೆಲಸದಲ್ಲಿರುವ ಒಂದೇ ಸುಖ ಅದು, ಎದುರುತ್ತರ ಬರುವುದಿಲ್ಲ.

ಆಮೇಲೆ ಸಿಂಕಿನ ಬಳಿ ಕೈ ಕೊಡವುತ್ತಿದ್ದೆ. ಮೇಡಂ ಒಳಗಿದ್ದರು. ದೊಡ್ಡ ಡಾಕ್ಟರು ಫೋನಿನಿಂದ ತಲೆ ಎತ್ತದೆ ಕೇಳಿದರು. “ಏನಮ್ಮ ಕೈಗೆ?”

“ಸ್ವಲ್ಪ ಜೋಮು, ಡಾಕ್ಟ್ರೇ.”

“ಭಾರ ಎತ್ತಬೇಡ. ಬಕೆಟ್ ಕೂಡ ಎತ್ತಬೇಡ. ರೆಸ್ಟು.”

ಅರ್ಧ ನಿಮಿಷ ಆಗಿರಬಹುದು. ಆದರೂ ಸಮಾಧಾನವಾಯಿತು. ದೊಡ್ಡ ಡಾಕ್ಟರೇ ಹೇಳಿದ್ದಲ್ಲವೇ.

ಜೂನ್ 28, ಶುಕ್ರವಾರ

ಹತ್ತೊಂಬತ್ತು ದಿನ ಬರೆಯಲಿಲ್ಲ. ಪೆನ್ನೂ ಭಾರಕ್ಕೆ ಸೇರುತ್ತದೋ ಏನೋ ಅಂತ.

ನೀರಿನ ಬಕೆಟ್ ಅಕ್ಕ ಎತ್ತುತ್ತಾಳೆ. ಸಾಮಾನಿನ ಚೀಲ ಅಕ್ಕ. ಹಾಸಿಗೆ ಕೂಡ ಅವಳೇ ಮಡಿಸುತ್ತಾಳೆ. “ಮಹಾರಾಣಿಯವರು ಏಳ್ತಾರಾ?” ಅನ್ನುತ್ತಾಳೆ, ಆದರೂ ಮಡಿಸುತ್ತಾಳೆ. ನಳಿಕೆ ಮಾತ್ರ ನಾನೇ ಹಿಡಿಯುತ್ತೇನೆ, ಒಂಬತ್ತರಿಂದ ಎಂಟರವರೆಗೆ. ಅದು ಭಾರವಲ್ಲವಲ್ಲ. ಒಂದು ಬಾಳೆಹಣ್ಣಿನಷ್ಟು ತೂಕ.

ಇವತ್ತು ಸಿಮೆಂಟಿನ ಡಬ್ಬದ ಮುಚ್ಚಳ ತಿರುಗಲಿಲ್ಲ. ಸೆರಗಿನಲ್ಲಿ ಹಿಡಿದು ತಿರುಗಿಸಿದೆ. ಮೇಡಂ ನೋಡಲಿಲ್ಲ.

ಜುಲೈ 2, ಮಂಗಳವಾರ

ಪೇಷಂಟುಗಳಿಗೆಲ್ಲ ನಾನು ಹಲ್ಲಿನ ನಂಬರನ್ನೇ ಹೆಸರಾಗಿ ಇಡುತ್ತೇನೆ. ಇವತ್ತು ಬಂದವರು ಮೂವತ್ತಾರು. ಹಲ್ಲು ಮೂವತ್ತೆರಡೇ ಆದರೂ ಡಾಕ್ಟರುಗಳ ನಂಬರಿನ ಲೆಕ್ಕ ಬೇರೆ. ಎಡಗಡೆ ಕೆಳದವಡೆಯ ದೊಡ್ಡ ಹಲ್ಲು. ಉದ್ದಕ್ಕೆ ಬಿರುಕು, ಒಣಗಿದ ಮರದ ಹಾಗೆ. ಐವತ್ತು ದಾಟಿದ ಹೆಂಗಸು. ನನ್ನ ಭುಜದವರೆಗೂ ಬರುವುದಿಲ್ಲ, ಅಗಲ ಮಾತ್ರ ಬಾಗಿಲಿನಷ್ಟು. ಹಿಂದೆ ಸ್ಪರ್ಧೆಗಳಲ್ಲಿ ಭಾರ ಎತ್ತುತ್ತಿದ್ದರಂತೆ. ಈಗ ಒಂದು ಹಾಲ್ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಕಲಿಸುತ್ತಾರೆ.

“ಈ ವಯಸ್ಸಲ್ಲಿ ಎತ್ತೋದು ಯಾಕೆ? ಬಿಟ್ಟುಬಿಡಿ,” ಅಂದರು ಮೇಡಂ.

“ಬಿಟ್ರೆ ಮಾಂಸ ಎಲ್ಲ ಕೊಬ್ಬಾಗುತ್ತೆ ಅಂತಾರೆ ನಮ್ಮತ್ತೆ. ಎತ್ತಿದ್ರೆ ಗಂಡಸಾಗ್ತೀಯ ಅಂತಾರೆ. ನಾನು ಯಾವ ಕಡೆ ಹೋಗ್ಲಿ ಹೇಳಿ.”

“ಅಲ್ಲಮ್ಮ, ಹಲ್ಲು ಒಡೆದಿದೆಯಲ್ಲ!”

“ಭಾರ ಒಡೀಲಿಲ್ಲ ಡಾಕ್ಟ್ರೇ, ನಾನೇ ಒಡ್ಕೊಂಡೆ. ಕಚ್ಚಿ ಎತ್ತೋ ಕೆಟ್ಟ ಅಭ್ಯಾಸ. ಹುಡುಗೀರಿಗೆ ಬೈತೀನಿ, ನಾನೇ ಮಾಡ್ತೀನಿ.”

ಮೇಡಂ ನಕ್ಕರು. ನಗುವಾಗ ಕತ್ತು ಹಿಡಿದುಕೊಂಡರು. ಅವರಿಗೂ ಕತ್ತುನೋವು. ಅವರದ್ದು ಎಲ್ಲರಿಗೂ ಗೊತ್ತು, ಅದಕ್ಕೊಂದು ಬೆಲ್ಟು ಇದೆ.

ಜುಲೈ 5, ಶುಕ್ರವಾರ

ಮೂವತ್ತಾರು ಮತ್ತೆ ಬಂದರು. ಇಂಜೆಕ್ಷನ್ ಹಿಡಿಯಲು ಐದು ನಿಮಿಷ ಕಾಯಬೇಕು. ಮೇಡಂ ಕಾಫಿಗೆ ಹೋದರು. ಮೂವತ್ತಾರು ಕುರ್ಚಿಯಲ್ಲಿ ಅಂಗಾತ ಮಲಗಿ ನನ್ನನ್ನೇ ನೋಡುತ್ತಿದ್ದರು. ಅರ್ಧ ಬಾಯಿ ಮರಗಟ್ಟಿತ್ತು, ಆದರೂ ಸುಮ್ಮನಿರಲಿಲ್ಲ.

“ನೀನ್ಯಾಕೆ ನಿಂತಿದ್ದೀಯ?”

“ನಾನು ಏಳು ವರ್ಷದಿಂದ ನಿಂತೇ…”

“ಮಲಗಿದವಳಿಗೆ ಎಲ್ಲ ಕಾಣ್ಸುತ್ತೆ ಕಣೆ. ಮೊನ್ನೆ ಒಂದು ಗಂಟೆ ನೋಡಿದೀನಿ, ಕುಡುಗೋಲಿನ ಹಾಗೆ ಬಗ್ಗಿದ್ದೆ. ಮೂರು ಸಲ ನಳಿಕೆ ಕೈ ಬದಲಾಯಿಸಿದೆ. ನೋವಾ?”

ಅಳು ಬಂದಂತಾಯಿತು. ಯಾಕೋ. ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ, ರೆಸ್ಟ್ ಮಾಡುತ್ತಿದ್ದೇನೆ ಅಂದೆ.

“ನಮ್ಮ ಕಬ್ಬಿಣದ ತೂಕ ಕೇಳಿ ಎಲ್ಲ ಹೆದರ್ತಾರಮ್ಮ. ಎತ್ತಿ ನಾಲ್ಕು ಸೆಕೆಂಡಿಗೆ ಇಳಿಸಿಬಿಡ್ತೀನಿ ನಾನು. ನೀನು ಅದನ್ನ ಎತ್ತಿ ಏಳು ವರ್ಷ ಆಯ್ತು, ಇನ್ನೂ ಇಳಿಸಿಲ್ಲ.”

ಕೈಯಲ್ಲಿದ್ದ ನಳಿಕೆ ನೋಡಿದೆ.

“ಮೊದ್ಲು ನರ ನೋಡೋರಿಗೆ ತೋರಿಸು. ಆಮೇಲೆ ನನ್ನ ಹಾಲ್‌ಗೆ ಬಾ. ಅದಕ್ಕೂ ಮುಂಚೆ ನಿಮ್ಮ ಡಾಕ್ಟ್ರಿಗೆ ಹೇಳು.”

ಮೇಡಂ ಬಂದರು. ಮೂವತ್ತಾರು ಬಾಯಿ ತೆರೆದರು. ನಾನು ಮುಚ್ಚಿಕೊಂಡೆ.

ಹೇಳಿದರೆ ಏನಾಗುತ್ತದೆ? ಕೈಯಿಲ್ಲದವಳನ್ನು ಯಾರು ಇಟ್ಟುಕೊಳ್ಳುತ್ತಾರೆ. ಐದನೇ ಕ್ಲಾಸಿನವಳಿಗೆ ಕೂತು ಮಾಡುವ ಕೆಲಸ ಯಾರೂ ಕೊಡುವುದಿಲ್ಲ.

ಜುಲೈ 14, ಭಾನುವಾರ. ಸಂಜೆ

ಮೂವತ್ತಾರು ಕಲಿಸುವ ಹಾಲ್‌ಗೆ ಹೋಗಿದ್ದೆ. ನರದವರಿಗೆ ತೋರಿಸಿಲ್ಲ, ಮೇಡಂಗೆ ಹೇಳಿಲ್ಲ. ಮೂರರಲ್ಲಿ ಸುಲಭದ್ದನ್ನು ಮಾಡಿದೆ.

ಮೂವತ್ತಾರು ಬೈದರು. ಕಬ್ಬಿಣ ಮುಟ್ಟಲು ಬಿಡಲಿಲ್ಲ. ಕೈಗೆ ಪೊರಕೆ ಕೋಲು ಕೊಟ್ಟು ನಿಲ್ಲುವುದನ್ನು ಮಾತ್ರ ಕಲಿಸಿದರು. ಒಂದು ಗಂಟೆ! ಹತ್ತಿರ ನಿಲ್ಲು. ಮೊಣಕಾಲು ಮಡಿಸು. ಬೆನ್ನು ನೆಟ್ಟಗೆ. ಕಾಲಲ್ಲಿ ಏಳು. ದವಡೆ ಸಡಿಲ ಬಿಡು. ನನಗೆ ನಿಲ್ಲಲು ಬರುತ್ತದೆ ಅಂದುಕೊಂಡಿದ್ದೆ, ಅದೂ ಬರುವುದಿಲ್ಲ.

ಅಲ್ಲಿನ ಹುಡುಗಿಯರು ಮಾಮೂಲಿ ಹುಡುಗಿಯರ ಹಾಗೆಯೇ ಇದ್ದಾರೆ. ಒಬ್ಬಳು ನನಗಿಂತ ಸಣಕಲಿ. ನನ್ನಷ್ಟು ತೂಕದ್ದನ್ನು ತಲೆಯ ಮೇಲೆತ್ತಿ, ಇಳಿಸಿ, ಕೂದಲಿನ ಕ್ಲಿಪ್ ಸರಿಮಾಡಿಕೊಂಡಳು.

ಅಕ್ಕನಿಗೆ ಹೇಳಿದೆ.

“ಮೀಸೆ ಬಂದ್ರೆ ನನ್ನ ಪಕ್ಕ ಮಲಗಬೇಡ, ಆಯ್ತಾ?”

“ಕೊಟ್ಟಿದ್ದು ಪೊರಕೆ ಕೋಲು, ಅಕ್ಕ.”

“ಮನೇಲೂ ಇದೆಯಲ್ಲ. ಹಿಡಿ, ಹಾಗೇ ಕಸ ಗುಡಿಸು.”

ಜುಲೈ 19, ಶುಕ್ರವಾರ

ಆಗಬಾರದ್ದು ಆಯಿತು.

ಹನ್ನೊಂದು ಗಂಟೆ. ಮೇಡಂ ಕೊರೆಯುತ್ತಿದ್ದರು. ನಾನು ನಳಿಕೆಯಿಂದ ಪೇಷಂಟಿನ ನಾಲಿಗೆ ಆಚೆ ತಳ್ಳಿ ಹಿಡಿದಿದ್ದೆ. ಬೆರಳು ಬಿಟ್ಟುಕೊಟ್ಟಿತು. ನಳಿಕೆ ಜಾರಿತು, ನಾಲಿಗೆ ಒಳಗೆ ಬಂತು. ಮೇಡಂ ಡ್ರಿಲ್ ಹಿಂದಕ್ಕೆಳೆದರು, ಆದರೂ ನಾಲಿಗೆಯ ಅಂಚಿಗೆ ತಾಗಿತು. ಒಂದು ಚಿಕ್ಕ ಗೀರು. ರಕ್ತ. ಪೇಷಂಟು ಮುದುಕರು, ಕಣ್ಣಲ್ಲಿ ನೀರು. ಮೇಡಂ ಹತ್ತು ಸಲ ಸಾರಿ ಹೇಳಿದರು. ಮುದುಕರು ನನ್ನ ಕಡೆ ನೋಡಿ, “ಪರವಾಗಿಲ್ಲ ಬಿಡು ಮಗಳೇ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮೇಡಂ ಬಾಗಿಲು ಮುಂದೆ ಮಾಡಿ ಕೇಳಿದರು. “ಮನಸ್ಸೆಲ್ಲಿದೆ ನಿಂದು?”

ರಕ್ತ ತಾಗಿದ ನಳಿಕೆ ತೊಳೆಯತೊಡಗಿದೆ.

“ಒಂದು ತಿಂಗಳಿಂದ ನೋಡ್ತಿದೀನಿ. ಕೆಲಸ ಬೇಜಾರಾಗಿದ್ರೆ ಹೇಳು.”

ಇಲ್ಲ ಅನ್ನಬೇಕಿತ್ತು.

“ಸೋಮವಾರ ಕೋರ್ಸ್ ಮಾಡಿದ ಹುಡುಗಿ ಬರ್ತಾಳೆ, ಒಂದು ದಿನ ನೋಡೋಣ. ಸರಿಹೋದ್ರೆ ಕುರ್ಚಿ ಪಕ್ಕ ಅವಳಿರ್ಲಿ. ನೀನು ಕುಕ್ಕರ್, ಕಸ, ಫೋನು ನೋಡ್ಕೋ.”

ಫೋನು! ಮುಖ ಕಾಣದವರ ಜೊತೆ ನಾನು ಏನು ಮಾತಾಡಲಿ.

ಜುಲೈ 22, ಸೋಮವಾರ

ಹುಡುಗಿ ಬಂದಳು. ಇಪ್ಪತ್ತೋ ಇಪ್ಪತ್ತೊಂದೋ. ಗ್ಲೌಸ್ ಹಾಕಿಕೊಂಡಳು, ಕುರ್ಚಿಯ ಎಡಕ್ಕೆ ಹೋದಳು, ಸುತ್ತ ನೋಡಿದಳು.

“ಮೇಡಂ, ನನ್ನ ಸ್ಟೂಲ್ ಎಲ್ಲಿ?”

“ಯಾವ ಸ್ಟೂಲು?”

“ಅಸಿಸ್ಟೆಂಟ್ ಸ್ಟೂಲು. ಕೂತೇ ಹಿಡೀಬೇಕಲ್ವಾ ಸಕ್ಷನ್. ಕೋರ್ಸಲ್ಲಿ ಮೊದಲನೇ ಪಾಠಾನೇ ಅದು.”

ಸ್ಟೂಲು ಇದೆ. ಮೂಲೆಯಲ್ಲಿ. ನಾನು ಸೇರಿದಾಗಿನಿಂದ ಅದರ ಮೇಲೆ ಹಳೆಯ ಫೈಲುಗಳ ಎರಡು ಪೆಟ್ಟಿಗೆಗಳಿವೆ. ಏಳು ವರ್ಷ ಅದಕ್ಕೆ ಧೂಳು ಹೊಡೆದಿದ್ದೇನೆ. ನನಗೆಂದು ಇಟ್ಟದ್ದು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ, ಡಾಕ್ಟರ ಎದುರು ಕೂರುವುದು ಹೇಗೆ? ಮೊದಲ ದಿನ ಕೂತ್ಕೋ ಅಂತ ಯಾರೂ ಹೇಳಲಿಲ್ಲ. ನಿಂತ್ಕೋ ಅಂತಲೂ ಯಾರೂ ಹೇಳಿರಲಿಲ್ಲ.

“ಇವಳಿಗೆ ನಿಂತೇ ಅಭ್ಯಾಸ,” ಅಂದರು ಮೇಡಂ. ಅಂದವರು ನನ್ನ ಕಡೆ ತಿರುಗಿದರು. ನನ್ನ ಕತ್ತು, ಬಲಗೈ ನೋಡಿದರು.

ಹೊರಗಿನ ಕೋಣೆಯಿಂದ ಪೇಷಂಟುಗಳು ಕೂರುವ ಸ್ಟೂಲು ತಂದುಕೊಟ್ಟೆ. ಹುಡುಗಿ ಕೂತಳು. ಚೆನ್ನಾಗಿ ಹಿಡಿದಳು, ಸುಳ್ಳು ಬರೆಯಬಾರದು. ಮೇಡಂ ಮಾತ್ರ ದಿನವಿಡೀ ಒಂದೊಂದೇ ಹೆಸರು ಹೇಳಬೇಕಾಯಿತು. ಕೈ ಚಾಚುತ್ತಿದ್ದರು, ಅಂಗೈ ಖಾಲಿ ಇರುತ್ತಿತ್ತು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ.

ಹುಡುಗಿಗೆ ಆಸ್ಪತ್ರೆಯಲ್ಲೂ ಕೆಲಸ ಸಿಕ್ಕಿದೆಯಂತೆ. ಇಲ್ಲಿಗೆ ಬರುತ್ತಾಳೋ ಇಲ್ಲವೋ, ಗುರುವಾರ ಸಂಜೆ ಫೋನ್ ಮಾಡಿ ಹೇಳುತ್ತಾಳೆ.

ಜುಲೈ 23, ಮಂಗಳವಾರ

ಮೇಡಂ ಊಟದ ಡಬ್ಬ ತೆರೆದರು, ಮುಚ್ಚಿದರು.

“ಕೈ ತೋರಿಸು.”

ತೋರಿಸಿದೆ. ಒಂದೊಂದೇ ಬೆರಳು ಒತ್ತಿದರು.

“ಎಷ್ಟು ದಿನದಿಂದ?”

“ಏಳು ತಿಂಗಳಾಯ್ತು.”

“ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಹೇಗೆ ಬಂತೋ ಆ ಮಾತು. ಬಂದುಬಿಟ್ಟಿತು.

“ನಾನೇನು ಹುಲಿನಾ?” ಅಂದರು. ಆಮೇಲೆ ತಮ್ಮ ಕತ್ತಿನ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತರು. “ನನ್ನ ಕತ್ತು, ನನ್ನ ಕತ್ತು ಅಂತ ದಿನಾ ನಿನ್ನ ಹತ್ರಾನೇ ಹೇಳ್ತಿದ್ದೆ.”

ಶನಿವಾರಕ್ಕೆ ನರದ ಡಾಕ್ಟರ ಬಳಿ ಹೆಸರು ಬರೆಸಿದ್ದಾರೆ. ಸ್ಟೂಲಿನ ಬಗ್ಗೆ, ಹುಡುಗಿಯ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರದೂ ಒಂದೇ ರೋಗ.

ಜುಲೈ 25, ಗುರುವಾರ. ಬೆಳಿಗ್ಗೆ 10

ಇಂಜೆಕ್ಷನ್ ಹಿಡಿಯುವವರೆಗೆ ಐದು ನಿಮಿಷ ಇದೆ. ಬೇಗ ಬೇಗ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದೆ. ಪೆಟ್ಟಿಗೆಗಳ ಹತ್ತಿರ ನಿಂತೆ. ಒಂದೇ ಸಲ ಎತ್ತಲಿಲ್ಲ, ಫೈಲು ತೆಗೆದು ಪೆಟ್ಟಿಗೆಗಳನ್ನು ಅರ್ಧ ಖಾಲಿ ಮಾಡಿದೆ. ಮೊಣಕಾಲು ಮಡಿಸಿದೆ. ದವಡೆ ಸಡಿಲ ಬಿಟ್ಟೆ. ಎತ್ತಿದೆ, ಇಳಿಸಿದೆ. ಇಳಿಸಿದೆ ಅನ್ನುವುದನ್ನು ಎರಡು ಸಲ ಬರೆಯಬೇಕು ಅನ್ನಿಸುತ್ತದೆ. ಸ್ಟೂಲು ಒರೆಸಿದೆ. ಚಕ್ರಕ್ಕೆ ಡ್ರಿಲ್ಲಿನ ಎಣ್ಣೆ ಹೊಡೆದೆ. ಎಡಗಡೆಗೆ ತಳ್ಳಿ ಕೂತೆ.

ಮೆಟ್ಟಿಲ ಮೇಲೆ ಮೇಡಂ ಚಪ್ಪಲಿ ಸದ್ದು. ಕಾಲು ತಾನಾಗಿಯೇ ಏಳಲು ಹೊರಟಿತು. ಸ್ಟೂಲಿನ ಅಂಚು ಹಿಡಿದುಕೊಂಡೆ.

ಬಂದರು. ನೋಡಿದರು. ತಮ್ಮ ಜಾಗದಲ್ಲಿ ಕೂತರು. ಮೊದಲ ಪೇಷಂಟು ಬಾಯಿ ತೆರೆದರು. ಮೇಡಂ ಕೈ ಚಾಚಿದರು. ಕನ್ನಡಿ ಕೊಟ್ಟೆ, ಕೂತೇ.

ಸ್ವಲ್ಪ ಹೊತ್ತಾದ ಮೇಲೆ, ಬಾಯಿಯೊಳಗೆ ನೋಡುತ್ತಲೇ ಅಂದರು. “ಸಂಜೆ ಆ ಹುಡುಗಿ ಫೋನು ಬರುತ್ತೆ. ನೀನೇ ಎತ್ತು.”

“ಏನ್ ಹೇಳ್ಲಿ ಮೇಡಂ?”

“ಸ್ಟೂಲು ಖಾಲಿ ಇಲ್ಲ ಅನ್ನು.”

ಬೆರಳು ಇನ್ನೂ ಜುಮ್ಮೆನ್ನುತ್ತಿದೆ. ಶನಿವಾರ ನೋಡಬೇಕು. ಎಣ್ಣೆ ಹೊಡೆದರೂ ಒಂದು ಚಕ್ರ ಇನ್ನೂ ಕಿರುಗುಟ್ಟುತ್ತದೆ, ಮಧ್ಯಾಹ್ನ ಇನ್ನೊಂದು ಸಲ—